ದೇವನಕ್ಕಿಯ ಬಾಲ

ಶಿಷ್ಯ ಕೇಳಿದ: "ಗುರುಗಳೇ, ಹೆಂಗಸರು ಸೂಜಿ ಹಿಡಿದು ಕೂತರೆ ಸಾಕು, ಬಾಯಲ್ಲಿ ಕತೆ ಶುರುವಾಗುತ್ತದೆ. ಒಬ್ಬಳು ಹೇಳಿದ ಕತೆಯನ್ನು ಇನ್ನೊಬ್ಬಳು ಬೇರೆ ಥರ ಹೇಳುತ್ತಾಳೆ. ಯಾವುದೂ ಪುಸ್ತಕದಲ್ಲಿಲ್ಲ, ಎಲ್ಲ ಅವರೇ ಕಟ್ಟಿದ್ದು. ಕಟ್ಟಿದ ಕತೆ ಅಂದರೆ ಸುಳ್ಳು ತಾನೇ? ಸುಳ್ಳು ಏನನ್ನು ಕಾಪಾಡೀತು?"

ಗುರುಗಳು ಅವನ ಮಡಿಲಲ್ಲಿದ್ದ ಪುಸ್ತಕವನ್ನು ತೆಗೆದು ಪಕ್ಕಕ್ಕಿಟ್ಟರು. "ಕೇಳು ಹಾಗಾದರೆ. ಇದೂ ಪುಸ್ತಕದಲ್ಲಿಲ್ಲ" ಎಂದು ಶುರು ಮಾಡಿದರು.

ಒಂದೂರು. ಊರ ಮಗ್ಗುಲಿಗೆ ಒಂದು ಕೆರೆ. ಕೆರೆಯ ತುಂಬ ತಾವರೆ. ಆ ತಾವರೆ ಎಲೆಗಳ ಮೇಲೆ ಒಂದು ಜಾತಿಯ ಹಕ್ಕಿ ಓಡಾಡಿಕೊಂಡಿತ್ತು. ಅದರ ಕಾಲ್ಬೆರಳು ಎಷ್ಟು ಉದ್ದ ಅಂದರೆ, ಅದು ನಡೆದರೆ ಎಲೆ ಮುಳುಗುವುದಿಲ್ಲ. ಮಳೆಗಾಲ ಬಂತೆಂದರೆ ಅದಕ್ಕೆ ಕುಡುಗೋಲಿನ ಹಾಗೆ ಬಾಗಿದ ಉದ್ದನೆ ಬಾಲ ಬರುತ್ತದೆ. ನೀರಿನ ಮೇಲೆ ನಡೆಯುವ ಹಕ್ಕಿ ದೇವರದ್ದೇ ಇರಬೇಕು ಅಂತ ಜನ ಅದನ್ನು ದೇವನಕ್ಕಿ ಎಂದು ಕರೆದರು.

ಆ ಊರಿನ ಹೆಣ್ಣುಮಕ್ಕಳು ಕಸೂತಿಗೆ ಹೆಸರಾದವರು. ಮದುವೆ ಗೊತ್ತಾದ ಹುಡುಗಿ ತನ್ನ ಕರಿ ಸೀರೆಯ ಸೆರಗಿಗೆ ತಾನೇ ಕಸೂತಿ ಹಾಕಬೇಕು. ಆನೆ, ಗೋಪುರ, ತುಳಸಿಕಟ್ಟೆ, ಇವೆಲ್ಲ ಯಾವ ಊರಿನ ಸೀರೆಯಲ್ಲೂ ಸಿಗುತ್ತವೆ. ಈ ಊರಿನ ಸೆರಗಿನ ಮೂಲೆಯಲ್ಲಿ ಮಾತ್ರ ದೇವನಕ್ಕಿ ಇರಲೇಬೇಕು. ಹಕ್ಕಿ ಇಲ್ಲದ ಸೀರೆ ಉಟ್ಟು ಆ ಊರಿನ ಯಾವ ಹುಡುಗಿಯೂ ಹಸೆಮಣೆ ಏರಿದ್ದಿಲ್ಲ.

ಕಸೂತಿಯ ಕೆಲಸ ಹೇಗೆ ಅಂದರೆ, ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಹಾಗಿಲ್ಲ. ಎಳೆ ಎಣಿಸಿಕೊಂಡೇ ಹಾಕಬೇಕು. ದಾರಕ್ಕೆ ಗಂಟು ಹಾಕುವ ಹಾಗಿಲ್ಲ. ಸೂಜಿ ಒಂದು ಹೊಲಿಗೆ ಹಾಕಿ, ಒಂದು ಹೊಲಿಗೆಯ ಜಾಗ ಬಿಟ್ಟು, ಮುಂದಕ್ಕೆ ಹೋಗುತ್ತದೆ. ಕೊನೆ ಮುಟ್ಟಿದಾಗ ಕಾಣುವುದು ಅರ್ಧ ಹಕ್ಕಿ. ಆಮೇಲೆ ಹೋದ ದಾರಿಯಲ್ಲೇ ವಾಪಸು ಬರುತ್ತ, ಬಿಟ್ಟ ಜಾಗವನ್ನೆಲ್ಲ ತುಂಬಬೇಕು. ಆಗ ಸೆರಗಿನ ಒಳಗೂ ಹೊರಗೂ ಒಂದೇ ಹಕ್ಕಿ. ಯಾವ ಕಡೆ ತಿರುಗಿಸಿದರೂ ಹಕ್ಕಿಯೇ.

ಊರಿನ ಗೌಡ ಅಡಿವೆಪ್ಪ. ಅವನಿಗೆ ಒಬ್ಬಳೇ ಮಗಳು, ಬಾಳವ್ವ. ಅಪ್ಪನ ಎದುರು ಬಾಯಿ ಬಿಟ್ಟ ಹುಡುಗಿಯಲ್ಲ. ಏನಾದರೂ ಬೇಕಾದರೆ ಆಯಿಗೆ ಹೇಳುವಳು. ಆಯಿ, ಅಂದರೆ ಗೌಡನ ತಾಯಿ, ತನ್ನ ಮಗನಿಗೆ ಹೇಳುವಳು. ಹೀಗೆ ನಡೆದುಕೊಂಡು ಬಂದಿತ್ತು.

ಬಾಳವ್ವನಿಗೆ ಕೆರೆಯಾಚೆ ಊರಿನ ಹುಡುಗನ ಜೊತೆ ಮದುವೆ ಗೊತ್ತಾಯಿತು. ಹುಡುಗ ಅವಳ ಮನಸ್ಸಿಗೂ ಬಂದಿದ್ದ. ಸೀರೆ ಬೇಗ ಮುಗಿದರೆ ಮದುವೆಯೂ ಬೇಗ ಆಗುತ್ತದೆ ಅಂತ ಅವಳಿಗೆ ಅವಸರ. ತೀರಿಕೊಂಡಿದ್ದ ಅವ್ವನ ಮದುವೆ ಸೀರೆಯನ್ನು ಪೆಟ್ಟಿಗೆಯಿಂದ ತೆಗೆದು, ಪಕ್ಕದಲ್ಲಿ ಹಾಸಿಕೊಂಡು, ಅದರಲ್ಲಿದ್ದ ಹಕ್ಕಿಯನ್ನು ನೋಡಿ ನೋಡಿ ಎಳೆ ಎಣಿಸಿ ಹಾಕಿ ಮುಗಿಸಿದಳು.

ಮನೆಯ ಮುಂದಿನ ಕಟ್ಟೆಗೆ ಓಣಿಯ ಹೆಂಗಸರು ಕಸೂತಿ ತಂದುಕೊಂಡು ಕೂರುತ್ತಿದ್ದರು. ಬಾಳವ್ವ ಅಲ್ಲಿ ಸೆರಗು ಬಿಚ್ಚಿ ತೋರಿಸಿದಳು. ಅವಳ ಚಿಕ್ಕವ್ವ ತಿಪ್ಪವ್ವ ಕಂಕುಳಲ್ಲಿದ್ದ ಕೂಸನ್ನು ಕೆಳಗಿಳಿಸಿ, ಬಗ್ಗಿ ನೋಡಿದಳು.

"ಯವ್ವಾ, ಇದೇನ ಬಾಳೀ! ಕೋಳಿ ಕಟಗೊಂಡು ಗಂಡನ ಮನಿಗೆ ಹೊಂಟೀಯೇನ?"

"ಹೋಗಲಿ ಬಿಡ, ಅತ್ತಿ ಮನ್ಯಾಗ ತತ್ತಿಗೆ ಕಡಿಮಿ ಆಗಂಗಿಲ್ಲ" ಎಂದಳು ಇನ್ನೊಬ್ಬಳು.

ಎಲ್ಲರೂ ನಕ್ಕರು. ಬಾಳವ್ವನ ಕಣ್ಣಲ್ಲಿ ನೀರು ಬಂತು. "ಅವ್ವನ ಸೀರಿ ನೋಡೇ ಹಾಕೀನಿ" ಎಂದು ಆ ಸೀರೆಯನ್ನೂ ತಂದು ಮುಂದಿಟ್ಟಳು. ನೋಡಿದರೆ ಹೌದು, ಅವ್ವನ ಸೀರೆಯಲ್ಲೂ ಹಕ್ಕಿಯ ಬಾಲ ಮೋಟು. ನಗು ನಿಂತಿತು. ಒಬ್ಬೊಬ್ಬರೇ ಎದ್ದು ಹೋಗಿ ತಮ್ಮ ತಮ್ಮ ಮದುವೆ ಸೀರೆ ತಂದರು. ಆ ಊರಲ್ಲಿ ಹೆಚ್ಚಿನ ಮದುವೆಗಳು ಊರೊಳಗೇ ಆಗುತ್ತಿದ್ದವು, ಹಾಗಾಗಿ ಎಲ್ಲರ ಪೆಟ್ಟಿಗೆಯಲ್ಲೂ ಹಕ್ಕಿ ಇತ್ತು. ಹೊಸ ಸೀರೆಯಿಂದ ಹಳೆ ಸೀರೆಯವರೆಗೆ ಸಾಲಾಗಿ ಹಾಸಿದರು. ಬಾಳವ್ವನದು ಕೋಳಿ. ತಿಪ್ಪವ್ವನದು ಸ್ವಲ್ಪ ಬಾಲವಿದ್ದ ಕೋಳಿ. ಆಮೇಲಿನದು ಪಾರಿವಾಳದ ಹಾಗೆ. ಸಾಲಿನ ಕೊನೆಗೆ ಆಯಿಯ ಸೀರೆ. ಬಟ್ಟೆ ಅಲ್ಲಲ್ಲಿ ಸವೆದು ಪಿಸಿದಿತ್ತು. ಆದರೆ ಅದರ ಮೂಲೆಯಲ್ಲಿ ಹಕ್ಕಿ ಬಾಲ ಬಾಗಿಸಿಕೊಂಡು ಇನ್ನೇನು ಹೆಜ್ಜೆ ಇಡುತ್ತದೆ ಅನ್ನುವ ಹಾಗಿತ್ತು.

ತಾಯಿಯ ಸೀರೆ ನೋಡಿ ಮಗಳು, ಅಕ್ಕನ ಸೀರೆ ನೋಡಿ ತಂಗಿ. ಒಬ್ಬಳು ಎಣಿಸುವಾಗ ಎರಡು ಎಳೆ ಬಿಟ್ಟಳು, ಇನ್ನೊಬ್ಬಳು ಇನ್ನೆರಡು. ಯಾರೂ ಕೆರೆಯ ಕಡೆ ತಲೆ ಎತ್ತಿ ನೋಡಿರಲಿಲ್ಲ.

ಆಯಿ ಹೇಳಿದಳು: "ಹಕ್ಕಿ ಬಾಲ ಕೆರಿಯಾಗ ಕಳದಿಲ್ಲ. ನಮ್ಮ ಪೆಟ್ಟಿಗ್ಯಾಗ ಕಳದೈತಿ. ಬಾಳೀ, ಬಿಚ್ಚು ಅದನ್ನ. ನಾಳೆ ನನ್ನ ಕೂಡ ಬಾ."

ಮರುದಿನ ಬೆಳಿಗ್ಗೆ ಇಬ್ಬರೂ ಕೆರೆಯ ಏರಿಯ ಮೇಲೆ ಕೂತರು. ಬಾಳವ್ವ ಹುಟ್ಟಿದಾಗಿನಿಂದ ಈ ಕೆರೆಯ ನೀರು ಹೊತ್ತವಳು. ಆದರೂ ದೇವನಕ್ಕಿಯನ್ನು ಅವಳು ಸರಿಯಾಗಿ ನೋಡಿದ್ದು ಅವತ್ತೇ. ಹತ್ತಿರದ ಒಂದು ತಾವರೆ ಎಲೆಯ ಮೇಲೆ ಹಕ್ಕಿ ಮೊಟ್ಟೆಗಳಿಗೆ ಕಾವು ಕೊಡುತ್ತ ಕೂತಿತ್ತು.

"ತಾಯಿ ಹಕ್ಕಿ ಎಷ್ಟ ಚಂದ ಕೂತೈತಿ ಆಯಿ."

"ತಾಯಿ ಅಲ್ಲ, ಅದು ಅಪ್ಪ. ಈ ಜಾತ್ಯಾಗ ಹೆಣ್ಣು ತತ್ತಿ ಇಟ್ಟು ಹೊಂಟ ಹೋಗ್ತದ. ಕಾವಿಗೆ ಕೂಡಾವ, ಮರಿ ಬೆಳಸಾವ, ಎಲ್ಲಾ ಗಂಡು."

"ಹೆಣ್ಣು ಏನ ಮಾಡ್ತದ ಮತ್ತ?"

"ಅದಕ್ಕೇನು, ಆರಾಮ ತಿರಗ್ಯಾಡ್ತದ. ಈ ಮಾತು ನಿಮ್ಮಪ್ಪನ ಮುಂದ ಆಡಬ್ಯಾಡ. ಉಣ್ಣೂದು ಬಿಟ್ಟಾನು."

ಬಾಳವ್ವ ನಕ್ಕಳು. ನಗುತ್ತಲೇ ಹಕ್ಕಿಯನ್ನು ನೋಡಿದಳು, ಎಳೆ ಎಣಿಸಿದಳು, ಸೂಜಿ ಹಾಕಿದಳು. ಬಾಲ ಎಲ್ಲಿ ಬಾಗುತ್ತದೆ, ಎಲ್ಲಿ ಚೂಪಾಗುತ್ತದೆ ಎಲ್ಲ ಈಗ ಗೊತ್ತಾಯಿತು. ಹೋಗುವ ದಾರಿ ಮುಗಿದು ಸೂಜಿ ಬಾಲದ ತುದಿ ಮುಟ್ಟಿತು. ಬರುವ ದಾರಿ ಉಳಿದಿತ್ತು.

ಅಷ್ಟರಲ್ಲಿ ಏರಿಯ ಮೇಲೆ ಗಂಡಸರು ಬಂದರು. ಎಲ್ಲರ ಕೈಯಲ್ಲೂ ಗುದ್ದಲಿ, ಸಲಿಕೆ. ಮುಂದೆ ಅಡಿವೆಪ್ಪ ಗೌಡ.

ಹಿಂದಿನ ದಿನ ಊರಿಗೆ ಒಬ್ಬ ವ್ಯಾಪಾರಿ ಬಂದಿದ್ದ. ಈ ಕೆರೆಯ ತಳದ ಮಣ್ಣು ಬೆಣ್ಣೆಯಂಥ ಎರೆಮಣ್ಣು, ನೀರು ಹೊರಗೆ ಹರಿಸಿ ಹಿಂಗಾರಿ ಜೋಳ ಬಿತ್ತಿದರೆ ಆಳೆತ್ತರ ಬೆಳೆಯುತ್ತದೆ, ಎಲ್ಲ ತಾನೇ ಕೊಳ್ಳುತ್ತೇನೆ ಎಂದಿದ್ದ. ಕುಡಿಯುವುದಕ್ಕೆ ಬಾವಿ ಇದೆಯಲ್ಲ, ತಾವರೆ ಯಾರ ಹೊಟ್ಟೆ ತುಂಬಿಸುತ್ತದೆ ಅಂತ ಚಾವಡಿಯಲ್ಲಿ ಮಾತಾಯಿತು. ಹೆಂಗಸರನ್ನು ಯಾರೂ ಕೇಳಲಿಲ್ಲ.

"ಯವ್ವಾ, ಏಳು. ಏರಿ ಕಡೀಬೇಕು" ಎಂದ ಗೌಡ.

ಆಯಿ ಏಳಲಿಲ್ಲ. "ಸ್ವಲ್ಪ ತಡಿಯಪಾ. ನಿನ್ನ ಮಗಳ ಹಕ್ಕಿ ಅರ್ಧಾ ಆಗೇತಿ."

"ಮನ್ಯಾಗ ಕೂತು ಮುಗಸಲಿ. ಹಳೇ ಸೀರಿ ಅದಾವಲ್ಲ ನೋಡಾಕ."

"ಹಳೇ ಸೀರಿ ನೋಡೇ ಕೋಳಿ ಆಗಿತ್ತು."

ಗುದ್ದಲಿ ಹಿಡಿದವರ ಹಿಂದೆಯೇ ಓಣಿಯ ಹೆಂಗಸರೂ ಬಂದಿದ್ದರು. ತಿಪ್ಪವ್ವ ಕೂಸನ್ನು ಎತ್ತಿಕೊಂಡು ಆಯಿಯ ಪಕ್ಕದಲ್ಲಿ ಕೂತಳು. "ನನ್ನ ಮಗಳದೂ ಹಾಕೂದೈತಿ ಗೌಡ್ರ."

"ಅದಕ್ಕಿನ್ನಾ ಹಲ್ಲು ಬಂದಿಲ್ಲ!"

"ಬರ್ತಾವ. ಅಲ್ಲೀತನಕ ಹಕ್ಕಿ ಇರಲಿ ಅಂತೀನಿ."

ಗುದ್ದಲಿಯವರಲ್ಲಿ ಒಬ್ಬಿಬ್ಬರು ನಕ್ಕರು. ಗೌಡನಿಗೆ ಸಿಟ್ಟು ಬಂತು. "ಹಕ್ಕಿ ನೋಡೇ ಹಾಕಬೇಕು ಅಂತ ಯಾವ ಶಾಸ್ತ್ರದಾಗ ಐತಿ? ಇಷ್ಟ ವರ್ಷ ಯಾರ ನೋಡಿದ್ರು?"

ಆಯಿ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: "ಶಾಸ್ತ್ರದಾಗ ಇಲ್ಲ, ಕತ್ಯಾಗ ಐತಿ. ಈ ಊರು ಕೂತಾಗ ಮೊದಲನೇ ಮದುಮಗಳು ನೀರಿಗೆ ಬಂದಳಂತ. ದೇವನಕ್ಕಿ ಅಡ್ಡ ಬಂದು ನಿಂತು ಕೇಳಿತಂತ, ನನ್ನ ನೀರು ಒಯ್ತೀರಿ, ನನಗೇನ ಕೊಡ್ತೀರಿ? ನಮ್ಮ ಹೆಣ್ಣಮಕ್ಕಳು ಹೋದ ಊರಿಗೆಲ್ಲ ನಿನ್ನ ರೂಪ ಸೆರಗಿನಾಗ ಹಾಕ್ಕೊಂಡು ಒಯ್ತೀವಿ ಅಂದಳಂತ ಆಕಿ. ಆತು, ಒಯ್ಯೂ ಮುಂದ ನನ್ನ ನೋಡಿ ಒಯ್ಯಿರಿ ಅಂದಿತಂತ ಹಕ್ಕಿ. ನೀವು ನೋಡೂದು ಬಿಟ್ಟ ದಿನ ನಾ ಹೊಂಟೆ. ನನ್ನ ಹಿಂದ ನೀರೂ ಹೊಂಟಿತು. ಹಿಂಗ ಮಾತ ಆಗೇತಿ."

ಬಾಳವ್ವ ಆಯಿಯ ಮುಖ ನೋಡಿದಳು. ಹುಟ್ಟಿದಾಗಿನಿಂದ ಆಯಿಯ ಪಕ್ಕದಲ್ಲೇ ಮಲಗಿ ಕತೆ ಕೇಳಿದವಳು ಅವಳು. ಈ ಕತೆ ಯಾವತ್ತೂ ಬಂದಿರಲಿಲ್ಲ. ಇದು ಈಗ ತಾನೇ, ಗುದ್ದಲಿ ನೋಡಿದ ಮೇಲೆ ಹುಟ್ಟಿದ ಕತೆ ಅಂತ ಅವಳಿಗೆ ತಿಳಿಯಿತು. ಆಯಿ ಮಾತ್ರ ಸೂಜಿಯಿಂದ ಕಣ್ಣೆತ್ತಲಿಲ್ಲ.

ಗೌಡನೂ ಅದೇ ಮಡಿಲಲ್ಲಿ ಬೆಳೆದವನಲ್ಲವೇ? ಅವನಿಗೂ ಅನುಮಾನ ಬಂತು. "ಯವ್ವಾ, ಇದು ನೀ ಈಗ ಕಟ್ಟಿದ್ದು" ಎಂದ. ಆಮೇಲೆ ಮಗಳ ಕಡೆ ತಿರುಗಿದ. "ಬಾಳೀ, ನಿನಗ ಸುಳ್ಳು ಆಡಾಕ ಬರಂಗಿಲ್ಲ. ನೀ ಹೇಳು. ಈ ಕತಿ ಕೇಳಿಯೇನು?"

ಎಲ್ಲರೂ ಅವಳನ್ನೇ ನೋಡಿದರು. ಮೊದಲಿನಿಂದ ಬಲ್ಲೆ ಅಂದರೆ ಸುಳ್ಳು. ಕೇಳಿಲ್ಲ ಅಂದರೆ ಏರಿಗೆ ಗುದ್ದಲಿ ಬೀಳುತ್ತದೆ. ಕೆರೆ ಹೋಗುತ್ತದೆ, ಎಲೆಯ ಮೇಲೆ ಕೂತದ್ದು ಹೋಗುತ್ತದೆ. ಅವಳು ಕೈಯಲ್ಲಿದ್ದ ಸೆರಗನ್ನು ನೋಡಿದಳು. ಅರ್ಧ ಹಕ್ಕಿ. ಒಂದು ಹೊಲಿಗೆ ಇದೆ, ಒಂದು ಖಾಲಿ. ಒಂದು ಇದೆ, ಒಂದು ಖಾಲಿ.

"ಕೇಳೀನಿ ಯಪ್ಪಾ. ಈಗ ಕೇಳೀನಿ" ಎಂದಳು. "ಆದರ ಆಯಿ ಹೋಗೂ ದಾರಿ ಅಷ್ಟ ಹೇಳ್ಯಾಳ. ಬರೂ ದಾರಿ ಉಳದೈತಿ. ಅದನ್ನ ನಾ ಹೇಳಬೇಕು."

ಮಗಳು ನಾಲ್ಕು ಜನರ ಮುಂದೆ ಗೌಡನ ಜೊತೆ ಇಷ್ಟು ಮಾತಾಡಿದ್ದು ಅದೇ ಮೊದಲು.

"ಮದುಮಗಳು ಹಕ್ಕೀಗೆ ಕೇಳಿದಳಂತ, ತತ್ತಿ ಬಿಟ್ಟು ಹೊಂಟಿಯಲ್ಲ, ನಿನಗ ಅಂಜಿಕಿ ಆಗಂಗಿಲ್ಲೇನ? ಹಕ್ಕಿ ಅಂದಿತಂತ, ಅಂಜಿಕಿ ಯಾಕ? ಮಕ್ಕಳನ್ನ ಅವರಪ್ಪನ ಕಡೆ ಬಿಟ್ಟೀನಿ. ಅಪ್ಪ ಕೂತಲ್ಲಿಂದ ನೀರು ಎಲ್ಲಿ ಹೋಗ್ತೈತಿ?"

ಅಡಿವೆಪ್ಪ ನೀರಿನ ಕಡೆ ನೋಡಿದ. ಇಷ್ಟು ಜನ, ಇಷ್ಟು ಗದ್ದಲ. ಆದರೂ ಆ ಹಕ್ಕಿ ಎದ್ದಿರಲಿಲ್ಲ. ಮೊಟ್ಟೆಗಳ ಮೇಲೆ ರೆಕ್ಕೆ ಇಳಿಬಿಟ್ಟುಕೊಂಡು, ಕುತ್ತಿಗೆ ಎತ್ತಿ, ಅದು ಇವನನ್ನೇ ನೋಡುತ್ತಿತ್ತು.

ಅಡಿವೆಪ್ಪ ಸಲಿಕೆಯನ್ನು ಹೆಗಲಿಗೇರಿಸಿ ಜನರಿಗೆ ಹೇಳಿದ: "ಮರಿ ಹೊರಗ ಬರಲಿ, ಒಂದಿಷ್ಟು ದೊಡ್ಡವಾಗಲಿ. ಆಮ್ಯಾಲೆ ನೋಡೂಣು."

"ಹೂಂ, ಆಮ್ಯಾಲೆ ನೋಡೂಣು" ಎಂದಳು ಆಯಿ.

ಮರಿಗಳು ದೊಡ್ಡವಾಗುವ ಹೊತ್ತಿಗೆ ಬಿತ್ತನೆಯ ಹದ ದಾಟಿತ್ತು. ಬಾಳವ್ವ ಉದ್ದ ಬಾಲದ ಹಕ್ಕಿಯ ಸೀರೆ ಉಟ್ಟು ಗಂಡನ ಮನೆಗೆ ಹೋದಳು. ಮುಂದಿನ ಮಳೆಗಾಲಕ್ಕೆ ಎಲೆಯ ಮೇಲೆ ಬೇರೆ ಮೊಟ್ಟೆ, ಊರಲ್ಲಿ ಬೇರೆ ಮದುಮಗಳು. ಗೌಡ ಮತ್ತೆ "ಮರಿ ದೊಡ್ಡವಾಗಲಿ" ಎಂದ. ಅದರ ಮುಂದಿನ ವರ್ಷವೂ ಅಂದ. ಆಮೇಲೆ ಅನ್ನುವುದನ್ನು ಬಿಟ್ಟ, ಯಾಕೆಂದರೆ ಏರಿ ಕಡಿಯುವ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಊರಿನ ಬಾವಿ ಬತ್ತಿತು. ಆಗ ಗುದ್ದಲಿ ತಂದಿದ್ದವರೇ ಕೊಡ ತಂದು ಈ ಕೆರೆಯ ನೀರು ತುಂಬಿಕೊಂಡು ಹೋದರು.

ಇವತ್ತಿಗೂ ಆ ಊರಲ್ಲಿ ಮದುವೆ ಗೊತ್ತಾದರೆ ಮೊದಲು ಹುಡುಗಿಯನ್ನು ಏರಿಯ ಮೇಲೆ ಕೂರಿಸುತ್ತಾರೆ. ಸೂಜಿ ಹೋಗುವಾಗ ಹಿರಿಯಳು ಕತೆ ಹೇಳುತ್ತಾಳೆ. ಸೂಜಿ ಬರುವಾಗ ಹುಡುಗಿ ಹೇಳಬೇಕು. ಒಬ್ಬೊಬ್ಬಳು ಒಂದೊಂದು ಥರ ಹೇಳುತ್ತಾಳೆ. ಆದರೆ ಹಕ್ಕಿಯ ಬಾಲ ಮಾತ್ರ ಎಲ್ಲರ ಸೀರೆಯಲ್ಲೂ ಹಕ್ಕಿಗೆ ಇದ್ದಷ್ಟೇ ಇರುತ್ತದೆ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಮತ್ತೆ ಕೇಳಿದ: "ಗುರುಗಳೇ, ಆಯಿ ಹೇಳಿದ್ದು ಆಗ ಕಟ್ಟಿದ ಕತೆ. ಬಾಳವ್ವ ಅದಕ್ಕೆ ಇನ್ನಷ್ಟು ಕಟ್ಟಿದಳು. ಹಾಗಾದರೆ ಎರಡೂ ಸುಳ್ಳೇ ಆಯಿತಲ್ಲ?"

ಗುರುಗಳು ಪುಸ್ತಕವನ್ನು ಎತ್ತಿ ಅವನ ಕೈಗೆ ಕೊಡುತ್ತ ಹೇಳಿದರು:

"ಸುಳ್ಳಿಗೆ ಎಷ್ಟು ಕಾವು ಕೊಟ್ಟರೂ ಮರಿ ಬರುವುದಿಲ್ಲ, ಮಗು."