ಬಿಟ್ಟುಹೋದ ಒಂದು ಎಳೆ

ಹೊಳೆದಂಡೆಯ ಒಂದು ಮಠ. ಅಲ್ಲಿಯ ಗುರುಗಳಿಗೆ ಶರಭಯ್ಯನೆಂಬ ಶಿಷ್ಯನಿದ್ದ. ಸೀರೆಯ ದಡಿಗೆ, ಅಂದರೆ ಅಂಚಿಗೆ, ಹೊಸ ಹೊಸ ಚಿತ್ತಾರ ಹಾಕಿಕೊಡುವ ಒಂದು ತಂತ್ರಾಂಶ ಮಾಡಿ ಸುತ್ತಲ ನೇಕಾರರಿಗೆಲ್ಲ ಪುಕ್ಕಟೆ ಹಂಚಿದ್ದ.

ಅದನ್ನು ಬಳಸುವ ಬಗೆ ತಿಳಿಸಲು ಮೊಬೈಲಿನಲ್ಲೇ ಓದುವ ಒಂದು ಕೈಪಿಡಿಯಿತ್ತು. ಯಾವ ನೇಕಾರನಾದರೂ ಅದರಲ್ಲಿ ತನಗೆ ತಿಳಿದದ್ದನ್ನು ಬರೆಯಬಹುದಿತ್ತು.

ಬರೆದರು ಕೂಡ. ಅವರ ಬರಹ ಕಂಡರೆ ಶರಭಯ್ಯನಿಗೆ ಮೈಯೆಲ್ಲ ಉರಿ. ಕಾಗುಣಿತ ನೆಟ್ಟಗಿಲ್ಲ, ವಾಕ್ಯ ಮುಗಿಯುವುದಿಲ್ಲ. ಒಬ್ಬ ಪುಣ್ಯಾತ್ಮ ನಡುವೆ ತನ್ನ ಎಮ್ಮೆ ಮಾರುವುದಿದೆ ಎಂದೂ ಸೇರಿಸಿದ್ದ. ಶರಭಯ್ಯ ದಿನಾ ಕೂತು ತಿದ್ದುತ್ತಿದ್ದ.

ಒಂದು ಬೆಳಿಗ್ಗೆ ಸಾವಂತ್ರೆವ್ವನೆಂಬ ನೇಕಾರ ಹೆಂಗಸು ಮಠಕ್ಕೆ ಬಂದಳು. ಮಗ್ಗದ ಮೇಲಿದ್ದ ಸೀರೆಯ ಫೋಟೊವನ್ನು ಗುರುಗಳಿಗೂ ಶರಭಯ್ಯನಿಗೂ ತೋರಿಸಿದಳು. ದಡಿಯ ಗೋಪುರದ ಚಿತ್ತಾರಗಳೆಲ್ಲ ಒಂದೇ ಕಡೆ ವಾಲಿದ್ದವು.

"ಬಸುರಿ ಮಗಳ ಸೀಮಂತದ ಕುಬಸಕ್ಕಂತ ನೇಯಾಕತ್ತಿದ್ದೆರೀ ಅಪ್ಪಾರ. ನಿಮ್ಮ ಕೈಪಿಡ್ಯಾಗ ಹೇಳಿದಂಗ ಎಳಿ ಎಣಿಸೀನಿ. ಇನ್ನ ಹನ್ನೊಂದ ದಿನಕ್ಕ ಕುಬಸ ಐತಿ."

ಶರಭಯ್ಯನಿಗೆ ಅವಳ ಮುಖ ನೋಡಲಾಗಲಿಲ್ಲ. ಗುರುಗಳತ್ತ ತಿರುಗಿದ.

"ಕಂಡಕಂಡವರ ಕೈಯಾಗ ಬರಿಯಾಕ ಕೊಟ್ರ ಹಿಂಗ ಆಗತೈತ್ರಿ ಅಪ್ಪಾರ. ಇವತ್ತ ಅದನ್ನ ಮುಚ್ಚಿಬಿಡ್ತೀನಿ. ಮಠದಾಗಿನ ಓದಿದವರು ಇಬ್ಬರ ಕುಂತು ಬರೀಲಿ. ನೀವು ಹೂಂ ಅನ್ರಿ ಸಾಕು."

"ಅನ್ನೋಣಂತ. ಆ ಎಳಿ ಎಣಿಸೂ ಸಾಲು ಯಾರು ಬರದಾರ, ಮೊದಲ ನೋಡು."

ಹಳೆಯ ಬರಹ, ತಿದ್ದಿದವರ ಹೆಸರು ಎರಡೂ ಕಂಪ್ಯೂಟರಿನಲ್ಲಿ ಉಳಿಯುತ್ತಿದ್ದವು. ಶರಭಯ್ಯ ತೆಗೆದು ನೋಡಿದ. ಮೊದಲು ಯಾರೋ ನೇಕಾರ ಹೀಗೆ ಬರೆದಿದ್ದ: 'ಒಂಬತ್ತ ಎಳಿ ಎಣಸು ನಿಂದ್ರು ಉಸರ ಬಿಡು ಒಂದ ಎಳಿ ಬಿಟ್ಟ ಮತ್ತ ಎಣಸು.'

ಅದರ ಕೆಳಗೆ ತಿದ್ದಿದ ಸಾಲು: 'ಒಂಬತ್ತು ಎಳೆಗಳನ್ನು ಎಣಿಸಿ, ಪುನರಾವರ್ತಿಸಿ.' ಪಕ್ಕದಲ್ಲಿದ್ದದ್ದು ಅವನದೇ ಹೆಸರು.

ಉಸಿರಿನ ಜೊತೆಗೆ, ಬಿಡಬೇಕಾದ ಒಂದು ಎಳೆಯನ್ನೂ ಅಳಿಸಿಹಾಕಿದ್ದ. ಶರಭಯ್ಯನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

"ಇದನ್ನ ಕೆಡಿಸಿದಾಂವ ನಾನ ಅದೀನ್ರಿ" ಎಂದ. "ಇನ್ನ ಮ್ಯಾಲ ನಾ ಕೈ ಹಚ್ಚಂಗಿಲ್ಲ. ಎಲ್ಲಾ ನೇಕಾರರ ಬರಕೊಳ್ಳಲಿ."

"ಕೈಪಿಡ್ಯಾಗ ಹೊಕ್ಕ ಆ ಎಮ್ಮಿ ಯಾರು ಹೊರಗ ಹೊಡೀಬೇಕು?" ಎಂದರು ಗುರುಗಳು.

ಆಮೇಲೆ ಸಾವಂತ್ರೆವ್ವನಿಗೆ ಹೇಳಿದರು: "ತಾಯಿ, ಇವನ್ನ ಕರಕೊಂಡ ಹೋಗು. ಕೆಟ್ಟಿದ್ದಷ್ಟೂ ಇವನ ಕೈಲೇ ಬಿಚ್ಚಸು."

ಎರಡು ದಿನ ಶರಭಯ್ಯ ಅವಳ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು, ನೇಯ್ದ ನೂಲನ್ನು ಒಂದೊಂದಾಗಿ ಬಿಡಿಸಿದ. ಕಣ್ಣು ಉರಿದವು, ಬೆನ್ನು ಹಿಡಿದುಕೊಂಡಿತು. ಎಣಿಸುತ್ತ ಎಣಿಸುತ್ತ ಲೆಕ್ಕ ತಪ್ಪಿದಾಗೆಲ್ಲ ಸಾವಂತ್ರೆವ್ವ ನಕ್ಕು, "ಉಸರ ಬಿಡ್ರಿ ಸ್ವಾಮಿ" ಅನ್ನುತ್ತಿದ್ದಳು. ಉಸಿರು ಬಿಟ್ಟು ಎಣಿಸಿದರೆ ತಪ್ಪುತ್ತಿರಲಿಲ್ಲ.

ಮೂರನೆಯ ದಿನ ಎಳೆ ಎಣಿಸುವ ಬಗೆಯನ್ನು ಅವಳು ಹೇಳಿದಳು, ಅವನು ಬರೆದ. ಬರೆದದ್ದನ್ನು ಓದಿಕೊಂಡು ಅವಳು ಮತ್ತೆ ನೇಯ್ದಳು. ಗೋಪುರ ನೆಟ್ಟಗೆ ನಿಂತಿತು. ಶರಭಯ್ಯನ ಕಣ್ಣಲ್ಲಿ ನೀರೇ ಬಂತು.

ಆ ಸಾಲು ಹಿಡಿದುಕೊಂಡು ಮಠಕ್ಕೆ ಓಡಿಬಂದ. ಗುರುಗಳು ಹೊಳೆಯಲ್ಲಿ ತಮ್ಮ ಪಂಚೆ ಹಿಂಡುತ್ತಿದ್ದರು.

"ಅಪ್ಪಾರ, ಕುಬಸಕ್ಕ ಸೀರಿ ಆಗತೈತಿ! ಈಗರ ಹೇಳ್ರಿ, ಕೈಪಿಡಿ ಮಠದವರು ಬರೀಬೇಕೋ, ನೇಕಾರರು ಬರೀಬೇಕೋ?"

"ಈ ಸಾಲು ಯಾರು ಬರದ್ರು?"

ಶರಭಯ್ಯ ಯೋಚಿಸಿದ. "ಬಾಯಿ ಆಕಿದು, ಕೈ ನಂದು. ಯಾರದಂತ ಹೇಳ್ಲಿ? ಕೆಳಗ ಯಾರ ಹೆಸರ ಹಾಕ್ಲಿ?"

ಗುರುಗಳು ಪಂಚೆ ಕೊಡವಿ ಬಂಡೆಯ ಮೇಲೆ ಹರವಿದರು.

"ನಾಳೆ ಇದು ತಪ್ಪಾದ್ರ ಆ ತಾಯಿ ಯಾರ ಬಾಗಲಿಗೆ ಬರಬೇಕೋ, ಅವರ ಹೆಸರ ಹಾಕು."