ನೀಲಪ್ಪ ಟಿವಿ ಆರಿಸಲು ಹೋದದ್ದು

ಹೊಳೆಯ ದಂಡೆಯ ಮಠವೊಂದರಲ್ಲಿ ನೀಲಪ್ಪ ಎಂಬ ಶಿಷ್ಯನಿದ್ದ. ವಯಸ್ಸು ಐವತ್ತು ದಾಟಿದ ಮೇಲೆ ಮಠ ಸೇರಿದವನು. ಒಂದು ದಿನ ಅವನು ಗುರುಗಳಾದ ಮೌನಪ್ಪಜ್ಜನವರ ಎದುರು ನಿಂತು, ತಾನೊಂದು ಟಿವಿ ಕೊಳ್ಳಬೇಕು, ಅಪ್ಪಣೆಯಾಗಬೇಕು ಎಂದ.

ಅಡುಗೆಮನೆಯಲ್ಲಿದ್ದವರು ನಕ್ಕರು. ಸಂಸಾರ ಬಿಟ್ಟು ಬಂದವನಿಗೆ ಧಾರಾವಾಹಿಯವರ ಸಂಸಾರ ಬೇಕಾಯಿತೇನು ಎಂದು ಒಬ್ಬರು ಛೇಡಿಸಿದರು.

ಅಜ್ಜನವರು ನಗಲಿಲ್ಲ. ಟಿವಿ ಯಾಕೆ ಬೇಕು ಎಂದು ಕೇಳಿದರು.

ನೀಲಪ್ಪ ಹೇಳಿದ್ದನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ.

ಅವನಿಗೆ ದಾನಮ್ಮ ಎಂಬ ಒಬ್ಬಳೇ ಮಗಳಿದ್ದಳು. ತಾಯಿಯಿಲ್ಲದ ಹುಡುಗಿ. ಗೌರಿ ಹುಣ್ಣಿಮೆಯ ಸಂಜೆ ಆ ಕಡೆಯ ಹೆಣ್ಣುಮಕ್ಕಳು ತಟ್ಟೆಯಲ್ಲಿ ಸಕ್ಕರೆಯ ಗೊಂಬೆಗಳನ್ನಿಟ್ಟು, ದೀಪ ಹಚ್ಚಿ, ಗೌರಿಗೆ ಆರತಿ ಒಯ್ಯುತ್ತಾರೆ. ಸಕ್ಕರೆ ಆರತಿ ಎಂದರೆ ಅದೇ. ಆ ಸಂಜೆ ದಾನಮ್ಮನ ಮೈ ಬಿಸಿಯಿತ್ತು. ಆದರೂ ಸೀರೆ ಉಟ್ಟು, ತಟ್ಟೆ ಹಿಡಿದು ಹೊರಟಳು. ನೀಲಪ್ಪ ಅವಳನ್ನು ಅಂಗಳದಲ್ಲಿ ನಿಲ್ಲಿಸಿ ಮೊಬೈಲಿನಲ್ಲಿ ವಿಡಿಯೊ ತೆಗೆದ.

ಮೊಬೈಲು ದೀಪದ ಬೆಳಕನ್ನಷ್ಟೇ ಹಿಡಿಯಿತು. ಉರಿ ಚೆನ್ನಾಗಿ ಬಂತು, ಗೊಂಬೆಗಳೂ ಬಂದವು. ಹಿಂದಿದ್ದ ಮುಖ ಮಾತ್ರ ಕಪ್ಪಾಯಿತು.

ಆ ವಿಡಿಯೊದಲ್ಲಿ ಅವಳು ಆಡಿರುವುದು ಒಂದೇ ಮಾತು.

"ಸಾಕು ಬಿಡಪ್ಪಾ, ಇನ್ನ ಎಷ್ಟೊತ್ತು ನಿಲ್ಲಲಿ."

ಸುತ್ತ ಹೆಂಗಸರ ಹಾಡು ಜೋರಾಗಿತ್ತು. ಹಾಗಾಗಿ ಮಗಳು ಅದನ್ನು ನಗುತ್ತ ಹೇಳಿದಳೋ, ನಿಲ್ಲಲಾರದೆ ಹೇಳಿದಳೋ ದನಿಯಿಂದ ಗೊತ್ತಾಗುವುದಿಲ್ಲ. ತೆಗೆಯುವಾಗ ನೀಲಪ್ಪ ನೋಡುತ್ತಿದ್ದದ್ದು ಮೊಬೈಲನ್ನು. ಮುಂದಿನ ಅಮಾವಾಸ್ಯೆಯೊಳಗೆ, ಅದೇ ಜ್ವರದಲ್ಲಿ, ಅವಳು ತೀರಿಕೊಂಡಳು.

"ಮೊಬೈಲ್ ಸಣ್ಣದ್ರಿ ಅಜ್ಜಾರ," ಎಂದ ನೀಲಪ್ಪ. "ದೊಡ್ಡ ಟಿವಿಯೊಳಗ ಮುಖ ಕಾಣಬಹುದು. ನಕ್ಕಿದ್ದಳು ಅಂತ ಗೊತ್ತಾದ್ರ ಸಾಕು, ಮತ್ತೇನೂ ಕೇಳಂಗಿಲ್ಲ."

"ಅತ್ತಿದ್ದಳು ಅಂತ ಗೊತ್ತಾದ್ರ?"

ನೀಲಪ್ಪ ಸೊಂಟದ ಗಂಟಿನಿಂದ ಪೆನ್‌ಡ್ರೈವ್ ತೆಗೆದು ತೋರಿಸಿದ. ಇದರಲ್ಲಿ ವಿಡಿಯೊ ಹಾಕಿಕೊಂಡು ಪೇಟೆಯ ಅಂಗಡಿಗಳನ್ನೆಲ್ಲ ಆಗಲೇ ಸುತ್ತಿದ್ದೇನೆ, ಒಂದೊಂದು ಟಿವಿಯಲ್ಲಿ ಒಂದೊಂದು ತರಹ ಕಾಣುತ್ತದೆ, ಯಾವುದು ಸರಿ ಎಂದು ತಿಳಿಯುತ್ತಿಲ್ಲ ಎಂದ. ತಾವೂ ಬರಬೇಕೆಂದು ಬೇಡಿಕೊಂಡ.

"ನನ್ನ ಕಣ್ಣು ತನಗ ಬೇಕಾದ್ದನ್ನ ನೋಡತೈತ್ರಿ."

ಅಜ್ಜನವರು ಕೋಲು ತೆಗೆದುಕೊಂಡು ಎದ್ದರು.

ಪೇಟೆಯ ಟಿವಿ ಅಂಗಡಿಯ ಮೆಹಬೂಬ ನೀಲಪ್ಪನನ್ನು ಗುರುತಿಸಿದ. ಅಜ್ಜನವರಿಗೆ ಕುರ್ಚಿ ಹಾಕಿ, ಅಜ್ಜಾರಿಗೆ ಕ್ರಿಕೆಟ್ ಹುಚ್ಚೇನ್ರಿ ಎಂದು ಕೇಳಿದ. ಹುಚ್ಚು ಇವನದು, ನಾನು ಜೊತೆಗೆ ಬಂದವನು ಎಂದರು ಅಜ್ಜನವರು.

ಗೋಡೆಯ ತುಂಬ ಟಿವಿಗಳು. ಎಲ್ಲದರಲ್ಲೂ ಅದೇ ಗಿಳಿ, ಅದೇ ಹಣ್ಣು, ಅದೇ ಜಲಪಾತ. ಮೆಹಬೂಬ ಒಂದೊಂದರ ಗುಣ ವಿವರಿಸಿದ. ಸಾಧಾರಣ ಎಲ್‌ಇಡಿ ಟಿವಿಯಲ್ಲಿ ಪರದೆಯ ಹಿಂದೆ ದೀಪಗಳು ಉರಿಯುತ್ತಲೇ ಇರುತ್ತವೆ. ಕಪ್ಪು ಬೇಕಾದ ಕಡೆ ಪರದೆ ಆ ಬೆಳಕನ್ನು ತಡೆಯುತ್ತದೆ, ಆದರೂ ಸ್ವಲ್ಪ ಸೋರುತ್ತದೆ. ಅದರಿಂದ ಕಪ್ಪು ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಕ್ಯೂಎಲ್‌ಇಡಿಯಲ್ಲಿ ಬಣ್ಣ ಹೆಚ್ಚು ಜೋರು, ಆದರೆ ದೀಪ ಅಲ್ಲಿಯೂ ಹಿಂದೆಯೇ. ಓಎಲ್‌ಇಡಿಯಲ್ಲಿ ಹಾಗಲ್ಲ. ಪರದೆಯ ಒಂದೊಂದು ಚುಕ್ಕೆಯೂ ತಾನೇ ದೀಪ. ಕತ್ತಲಿರಬೇಕಾದ ಕಡೆ ಚುಕ್ಕೆ ಪೂರ್ತಿ ಆರಿಹೋಗುತ್ತದೆ.

ನೀಲಪ್ಪ ಮೊದಲಿನದಕ್ಕೆ ಪೆನ್‌ಡ್ರೈವ್ ಹಾಕಿಸಿ, ಬೆಳಕು ಏರಿಸಲು ಹೇಳಿದ.

ದೀಪದ ಉರಿ ಮೂಡಿತು. ಅದರ ಹಿಂದಿನ ಕಪ್ಪು ಬೂದಿಬಣ್ಣದ ಮಂಜಾಯಿತು. ಮಂಜಿನಲ್ಲಿ ಏನೋ ಇದ್ದಂತಿತ್ತು.

"ಕಂಡಳ್ರಿ," ಎಂದ ನೀಲಪ್ಪ. "ನಗಾಕತ್ತಾಳ."

ಮೆಹಬೂಬ ವ್ಯಾಪಾರ ಬಲ್ಲವನು. ಹೌದು, ಚೆನ್ನಾಗಿಯೇ ನಗುತ್ತಿದ್ದಾರೆ ಎಂದ.

ಅಜ್ಜನವರು ರಿಮೋಟ್ ಕೇಳಿದರು. ಬೆಳಕಿನ ಗುಂಡಿ ಯಾವುದೆಂದು ಕೇಳಿ ತಿಳಿದು, ಸ್ವಲ್ಪ ಇಳಿಸಿದರು.

"ಈಗ?"

ನೀಲಪ್ಪ ಪರದೆಗೆ ಮುಖ ಹಚ್ಚಿ ನೋಡಿದ.

"ಅಳಾಕತ್ತಾಳ್ರಿ."

ಏರಿಸಿದರು.

"ಈಗ?"

"ನಗಾಕತ್ತಾಳ."

ಮತ್ತೆ ಇಳಿಸಿದರು. ಈ ಸಲ ನೀಲಪ್ಪ ನೋಡಲಿಲ್ಲ. ನಿಂತಲ್ಲಿಯೇ ನೆಲದ ಮೇಲೆ ಕುಳಿತ. ಮಗಳ ದನಿ ಮಾತ್ರ ಕೇಳುತ್ತಿತ್ತು.

ಮೆಹಬೂಬನಿಗೆ ಆಗ ವಿಷಯ ತಿಳಿಯಿತು. ನನಗೇನೂ ಕಂಡಿರಲಿಲ್ಲ ಅಣ್ಣಾರ, ಸುಮ್ಮನೆ ಹೌದೆಂದೆ, ತಪ್ಪು ತಿಳಿಯಬೇಡಿ ಎಂದ. ಇನ್ನೇನು ಮಾಡುವುದೋ ತೋಚದೆ, ಪೆನ್‌ಡ್ರೈವ್ ತೆಗೆದು ಕೊನೆಯ ಟಿವಿಗೆ, ಅಂದರೆ ಓಎಲ್‌ಇಡಿಗೆ, ಹಾಕಿದ.

ಅಲ್ಲಿ ಉರಿ ನಿಚ್ಚಳವಾಗಿ ನಿಂತಿತ್ತು. ಸಕ್ಕರೆಯ ಗಿಳಿಯ ಕೊಕ್ಕು ಕಾಣುತ್ತಿತ್ತು, ಆನೆಯ ಸೊಂಡಿಲು ಕಾಣುತ್ತಿತ್ತು. ಅದರ ಹಿಂದೆ ಏನೂ ಇರಲಿಲ್ಲ. ಮಂಜಿಲ್ಲ, ಬೂದಿಯಿಲ್ಲ, ಬರಿಯ ಕಪ್ಪು. ಎಷ್ಟು ಬೆಳಕು ಏರಿಸಿದರೂ ಆ ಕಪ್ಪು ಕದಲಲಿಲ್ಲ.

"ಅಜ್ಜಾರ, ನೀವು ಹೇಳ್ರಿ. ನಕ್ಕಿದ್ದಳೋ, ಅತ್ತಿದ್ದಳೋ?"

"ನನಗ ಗೊತ್ತಿಲ್ಲ."

"ಯಾರಿಗೆ ಗೊತ್ತೈತ್ರಿ?"

"ಆಕೆಗೆ ಗೊತ್ತಿತ್ತು."

ನೀಲಪ್ಪ ಮೊದಲಿನ ಟಿವಿಯ ಕಡೆ ಕೈ ತೋರಿಸಿದ.

"ಅದನ್ನ ಒಯ್ಯೋಣ್ರಿ. ಅದರಾಗ ಒಂದೊಂದು ಸಲನಾದ್ರೂ ನಗತಾಳ."

ಅಜ್ಜನವರು ಕುರ್ಚಿಯಿಂದ ಎದ್ದರು. ಮೊಣಕಾಲು ಹಿಡಿದುಕೊಂಡು, ಕಷ್ಟಪಟ್ಟು, ನೀಲಪ್ಪನ ಪಕ್ಕದಲ್ಲಿ ನೆಲದ ಮೇಲೆ ಕುಳಿತರು.

"ಕತ್ತಲನ್ನ ಕತ್ತಲಂತ ತೋರಿಸೋದನ್ನ ಒಯ್ಯೋಣ ನೀಲಪ್ಪ. ಅದರ ಮುಂದ ಇಬ್ಬರೂ ಕುಂದ್ರೋಣ."