ದೇಮಿ ಹಕ್ಕಳೆ

ಅಳಿವೆಯ ಬಾಯಿಗೆ ತಾಗಿ, ಹಳೆಯ ಮಣ್ಣಿನ ಕಟ್ಟೆಯಾಚೆ ಒಂದು ಬಯಲಿದೆ. ಹುಲ್ಲಿಲ್ಲ, ಮರವಿಲ್ಲ. ಮಳೆಗಾಲ ಮುಗಿದು ಬಿಸಿಲು ಬಲಿತರೆ ನೆಲದ ಮೇಲೆ ಉಪ್ಪು ಹಪ್ಪಳದ ಹಾಗೆ ಕಟ್ಟುತ್ತದೆ. ಅದನ್ನೇ ನಾವು ಹಕ್ಕಳೆ ಎನ್ನುವುದು. ಬಯಲಿನ ಹೆಸರು ದೇಮಿ ಹಕ್ಕಳೆ. ಸರ್ಕಾರದ ಕಾಗದದಲ್ಲಿ ಬಂಜರು ಎಂದಿದೆ. ಇರಲಿ. ನನಗೆ ಈ ಹೆಸರಿನ ಕತೆ ಹೇಳಿದವಳು ನನ್ನ ಹೆಂಡತಿ. ಅವಳು ಈಗ ಇಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಹಿಂದೆ ಒಮ್ಮೆ ಇಲ್ಲಿ ಬೀರ, ದೇಮಿ ಎಂಬ ಗಂಡಹೆಂಡಿರು ಉಪ್ಪು ಕೆರೆದು ಬದುಕುತ್ತಿದ್ದರಂತೆ. ದೇಮಿ ಜ್ವರದಲ್ಲಿ ತೀರಿಕೊಂಡಳು. ಅವಳು ಕೆರೆಯುತ್ತಿದ್ದ ಜಾಗದಲ್ಲೇ ಬೀರ ಅವಳನ್ನು ಹೂತು ಮಣ್ಣಿನ ಗುಡ್ಡೆ ಮಾಡಿದ. ವರ್ಷ ತುಂಬುವುದರೊಳಗೆ ಸೀಮೆಯ ಪಾರುಪತ್ಯಗಾರ ಆಳುಗಳೊಡನೆ ಬಂದ. ಅವನಿಗೆ ಅಲ್ಲಿ ಭತ್ತದ ಗದ್ದೆ ಆಗಬೇಕಿತ್ತು. "ಹಳ್ಳದ ನೀರು ಕಟ್ಟಿ ಉಪ್ಪು ತೊಳೀರಿ. ಮಣ್ಣು ಸಿಹಿಯಾದ ದಿನ ಆ ಗುಡ್ಡೆ ಕಿತ್ತು ಉಳೋದು" ಎಂದ. ಬೀರ ಗುಡ್ಡೆಯ ಪಕ್ಕ ಕೂತ. ಏಳಲಿಲ್ಲ. ನೀರು ನಿಂತಿತು, ಬಿಳುಪು ಮಾಯವಾಯಿತು. ಆಳುಗಳು ನಕ್ಕರು. "ಏ ಬೀರ, ನಿನ್ ಹೆಂಡ್ತಿ ಕರಗೋದ್ಲಲ್ಲೋ!" ಬೀರ ಅವರ ಕಡೆ ನೋಡಲಿಲ್ಲ. ಪಾರುಪತ್ಯಗಾರನಿಗೆ ಹೇಳಿದ, "ಇನ್ನೂ ನೀರು ಬಿಡ್ರಿ ಒಡೆಯಾ. ಹಳ್ಳ ಪೂರಾ ಬಿಡ್ರಿ."

ಬೀರನಿಗೆ ಗೊತ್ತಿದ್ದುದು ಪಾರುಪತ್ಯಗಾರನಿಗೆ ಗೊತ್ತಿರಲಿಲ್ಲ. ಆ ಉಪ್ಪು ಮೇಲಿನಿಂದ ಬಂದದ್ದಲ್ಲ. ನೆಲದಡಿ ಎರಡು ಮೊಳಕ್ಕೆ ಸಮುದ್ರದ ನೀರಿದೆ. ಬತ್ತಿ ಎಣ್ಣೆಯನ್ನು ಏರಿಸುವ ಹಾಗೆ ಮಣ್ಣು ಅದನ್ನು ಮೇಲಕ್ಕೆ ಏರಿಸುತ್ತದೆ. ಬಿಸಿಲು ನೀರು ಕುಡಿಯುತ್ತದೆ, ಉಪ್ಪು ಬಿಡುತ್ತದೆ. ಮೇಲೆ ನೀರು ಕಟ್ಟಿದಷ್ಟೂ ಕೆಳಗಿನ ಉಪ್ಪುನೀರು ಮೇಲ್ಮಣ್ಣಿಗೆ ಹತ್ತಿರ ಬರುತ್ತದೆ. ಕಟ್ಟಿದ ನೀರು ಇಂಗಿ ಹತ್ತು ದಿನ ಬಿಸಿಲು ಕಾಯಿತು. ಹಕ್ಕಳೆ ಮೊದಲಿಗಿಂತ ದಪ್ಪ ಬಂತು. ಮತ್ತೆ ತೊಳೆದರು, ಮತ್ತೆ ಬಂತು. ಮೂರನೆಯ ಸಲ ಹಟಕ್ಕೆ ಭತ್ತದ ಸಸಿಯನ್ನೇ ನೆಟ್ಟರು. ವಾರದಲ್ಲಿ ಸುಟ್ಟುಹೋಯಿತು. ಪಾರುಪತ್ಯಗಾರ ಕಾಲಲ್ಲಿ ಹಕ್ಕಳೆ ಒದ್ದು, "ಏನಿದು?" ಎಂದ. "ದೇಮಿ" ಎಂದ ಬೀರ. "ಎಷ್ಟು ತೊಳೀತೀರಿ ತೊಳೀರಿ." ಅವರು ಹಾರೆ ಗುದ್ದಲಿ ಹೊತ್ತು ಹೋದರು. ಗುಡ್ಡೆ ಉಳಿಯಿತು. ಬಯಲಿಗೆ ಆ ಹೆಸರು ಅಂದಿನಿಂದ ಬಂತು ಎನ್ನುತ್ತಾರೆ.

ಈಗಲೂ ಉಪ್ಪು ಕೆರೆಯುವವರು ಗುಡ್ಡೆಯ ಸುತ್ತ ಒಂದು ಮಾರು ಬಿಟ್ಟು ಕೆರೆಯುತ್ತಾರೆ. ಹೋದ ವರ್ಷ ಯಾರೋ ಸಿಗಡಿ ಹೊಂಡ ಮಾಡುತ್ತೇವೆಂದು ಬಂದು, ಗುಡ್ಡೆಯ ಮಗ್ಗುಲಿಗೇ ಸಿಮೆಂಟಿನ ಗೋಡೆ ಎಬ್ಬಿಸಿದರು. ಈ ಬಯಲು ನೋಡಲು ಬಂದವರನ್ನು ನಾನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ. ಗೋಡೆಯ ಬುಡದಿಂದ ಸೊಂಟದ ಮಟ್ಟಕ್ಕೆ ಉಪ್ಪಿನ ಬಿಳಿ ಏರಿದೆ. ಬೆರಳು ತಾಗಿಸಿದರೆ ಸಿಮೆಂಟು ಉದುರುತ್ತದೆ.